ಸೌತೆಬಳ್ಳಿಗೆ ಬೇಕಾದ ಉಸಿರು

ಜಿಲೂ-ಬುಲಾಕ್
೧೨ ನವೆಂಬರ್ ೧೯೭೮

ಮಗಳೇ ಜಿಪಾರ್,

ಮುಗಿಯಿತು! ನಿನ್ನೆ ಸಂಜೆ ನಮ್ಮ ಗಾಜಿನ ಮನೆಗೆ ಕೊನೆಯ ಗಾಜನ್ನೂ ಕೂರಿಸಿ ಕೈ ತೊಳೆದುಕೊಂಡೆ. ಒಟ್ಟು ನಲವತ್ತೊಂದು ಗಾಜು, ಎಲ್ಲವೂ ಲಾರಿಗಳ ಮುಂದಿನವು. ಇಪ್ಪತ್ತಾರು ವರ್ಷ ಓಷ್‌ನಿಂದ ಮುರ್ಗಾಬಿಗೆ ಲಾರಿ ಓಡಿಸಿದ್ದು ವ್ಯರ್ಥವಾಗಲಿಲ್ಲ ನೋಡು, ದಾರಿಯ ಯಾವ ಗ್ಯಾರೇಜಿನಲ್ಲಿ ಯಾವ ಗಾಜು ಬಿದ್ದಿದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗ್ಯಾರೇಜಿನ ಎಷೆನ್‌ಕುಲ್ ಬಂದು ಸುತ್ತ ಎರಡು ಸಲ ತಿರುಗಿ, "ಸತಾರ್‌ಕುಲ್, ಇದಕ್ಕೆ ನಾಲ್ಕು ಚಕ್ರ ಹಾಕ್ಬಿಡೋ, ಸೀದಾ ಚೀನಾಕ್ಕೇ ಓಡಿಸ್ಕೊಂಡು ಹೋಗ್ಬೋದು" ಅಂದ. ಹೊಟ್ಟೆಕಿಚ್ಚು ಅವನಿಗೆ.

ಬಿಸಿನೀರಿನ ಬುಗ್ಗೆಯಿಂದ ಎರಡು ಕೊಳವೆ ಎಳೆದು ನೆಲದಡಿ ಹಾಯಿಸಿದ್ದೇನೆ. ಹೊರಗೆ ಉಗುಳಿದರೆ ನೆಲ ಮುಟ್ಟುವ ಮೊದಲೇ ಗಡ್ಡೆ ಕಟ್ಟುವ ಚಳಿ, ಒಳಗೆ ಅಂಗಿ ಬಿಚ್ಚಿ ಕೂರಬಹುದು. ಒಲೆಯಿಲ್ಲ, ಹೊಗೆಯಿಲ್ಲ. ಸಂದುಗಳಿಗೆಲ್ಲ ಕುರಿಯ ಕೊಬ್ಬು ಕಲಸಿದ ಸುಣ್ಣ ಮೆತ್ತಿ, ಮೇಲೆ ಕಂಬಳಿ ಪಟ್ಟಿ ಹೊಡೆದಿದ್ದೇನೆ, ಸೂಜಿ ತೂರುವಷ್ಟೂ ಜಾಗವಿಲ್ಲ. ಸೆಗಣಿಗೊಬ್ಬರ ಹಾಕು ಎಂದು ಬರೆದಿದ್ದೆಯಲ್ಲ, ಅದು ಮಾತ್ರ ಆಗದು ತಾಯಿ. ನಮ್ಮ ಯಾಕ್ ದನಗಳ ಸೆಗಣಿಯನ್ನು ಮಣ್ಣಿಗೆ ಹಾಕಿಬಿಟ್ಟರೆ ಮನೆಯ ಒಲೆಗೆ ಏನು ಹಾಕಲಿ, ನನ್ನ ಟೋಪಿಯನ್ನೇ? ನದಿಯ ಮರಳು ತುಂಬಿ, ಚೀಲದ ಗೊಬ್ಬರದ ಪುಡಿ ಬೆರೆಸಿದ್ದೇನೆ.

ನಿನ್ನ ಅಮ್ಮ ಬಾಗಿಲಿಗೆ ಕೆಂಪು ದಾರ ಕಟ್ಟಿ, ಹೊಗೆ ಹಾಕಿ, ಅಪ್ಪಣೆ ಕೊಟ್ಟಿದ್ದಾಳೆ: "ಇನ್ಮೇಲೆ ಈ ಬಾಗ್ಲು ದಾಟೋದು ನೀನೊಬ್ನೇ. ಬೇರೆ ಯಾರ ಕಣ್ಣೂ ಬೀಳ್ಬಾರ್ದು. ಆ ಪಕ್ಕದ್ಮನೆ ಉಲ್ಕಾನ್ ಒಂದ್ಸಲ ಇಣುಕಿದ್ಲೋ, ಮುಗೀತು, ಬಳ್ಳಿ ಬೇರ್ ಸಮೇತ ಒಣಗೋಗುತ್ತೆ." ಉಲ್ಕಾನ್ ಹೋದ ವರ್ಷ ನಮ್ಮ ಕರುವನ್ನು ನೋಡಿ "ಅಬ್ಬಾ, ಎಷ್ಟು ದುಂಡಗಿದೆ!" ಅಂದಳು, ವಾರದಲ್ಲಿ ಕರು ಹೋಯಿತು, ನಿನಗೂ ನೆನಪಿರಬೇಕು. ಈಗ ಆ ಮುದುಕಿ ದಿನಾ ಹೊರಗೆ ನಿಂತು ಗಾಜಿಗೆ ಮೂಗೊತ್ತಿ ನೋಡುತ್ತಾಳೆ. ಒಳಗೆ ಹಬೆ, ಏನೂ ಕಾಣುವುದಿಲ್ಲ ಪಾಪ.

ಪಂದ್ಯದ ಕಾಗದ ನನ್ನ ಜೇಬಿನಲ್ಲೇ ಇದೆ. ಆಗಸ್ಟಿನಲ್ಲಿ ಲಾರಿಯ ಮೆಟ್ಟಿಲ ಮೇಲೆ ಕೂತು ನೀನೇ ಬರೆದದ್ದು, ಇಬ್ಬರ ಸಹಿಯೂ ಇದೆ. ಮಾರ್ಚ್ ಎಂಟು, ಹೆಣ್ಣುಮಕ್ಕಳ ಹಬ್ಬದ ದಿನ, ಈ ಊರಿನ ಇಪ್ಪತ್ತಮೂರು ಹೆಂಗಸರ ಕೈಗೂ ಒಂದೊಂದು ಸೌತೆಕಾಯಿ ಕೊಟ್ಟರೆ ನಾನು ಸಾಯುವವರೆಗೆ ಇಲ್ಲೇ ಇರುತ್ತೇನೆ, ನೀನು ಉಸಿರೆತ್ತುವಂತಿಲ್ಲ. ಕೊಡದಿದ್ದರೆ ನಾನೂ ನಿನ್ನ ಅಮ್ಮನೂ ಗಂಟುಮೂಟೆ ಕಟ್ಟಿ ಓಷ್‌ಗೆ ಇಳಿದು ಬರುತ್ತೇವೆ. ಓಷ್‌ನ ಡಾಕ್ಟರ ಪ್ರಕಾರ ನನ್ನ ರಕ್ತ ಗಟ್ಟಿಯಾಗಿದೆಯಂತೆ, ಇನ್ನೆರಡು ಚಳಿಗಾಲ ಈ ಎತ್ತರದಲ್ಲಿ ಕಳೆದರೆ ಹೃದಯ ನಿಂತೇಹೋಗುತ್ತದಂತೆ! ಆ ಡಾಕ್ಟರು ಹುಟ್ಟಿದ್ದು ಹತ್ತಿ ಹೊಲದಲ್ಲಿ. ನಾನು ಹುಟ್ಟಿದ್ದು ಇಲ್ಲಿ. ಯಾರ ಹೃದಯಕ್ಕೆ ಇಲ್ಲಿಯ ವಿಷಯ ಗೊತ್ತಿರುತ್ತದೆ ನೀನೇ ಹೇಳು.

ಜೇನುನೊಣ ಬಾರದಿದ್ದರೂ ಕಾಯಿ ಬಿಡುವ ಆ ಬೀಜ ಇನ್ನೊಂದು ಪೊಟ್ಟಣ ಕಳಿಸು. ಮೊದಲಿನದನ್ನು ನಾಳೆ ಬಿತ್ತುತ್ತೇನೆ.

ಸೋತು ಅಭ್ಯಾಸವಿಲ್ಲದ ನಿನ್ನ ಅಪ್ಪ,
ಸತಾರ್‌ಕುಲ್


ಓಷ್
೧ ಡಿಸೆಂಬರ್ ೧೯೭೮

ಅಪ್ಪಾ,

ಎಲೆ ಉಸಿರಾಡುವುದನ್ನು ನಾನು ಕಣ್ಣಾರೆ ಕಂಡೆ! ಎರಡು ದಿನದಿಂದ ನಿದ್ದೆಯಿಲ್ಲ, ಯಾರಿಗಾದರೂ ಹೇಳದಿದ್ದರೆ ತಲೆ ಸಿಡಿದುಹೋಗುತ್ತದೆ.

ನಮ್ಮ ಕಾಲೇಜಿನ ಪ್ರಯೋಗಾಲಯಕ್ಕೆ ಹೊಸ ಯಂತ್ರ ಬಂದಿದೆ. ಎಲೆಯನ್ನು ಬಳ್ಳಿಯಿಂದ ಕೀಳದೆ ಹಾಗೆಯೇ ಒಂದು ಗಾಜಿನ ಬಟ್ಟಲೊಳಗೆ ಇಡುತ್ತೇವೆ. ಆ ಬಟ್ಟಲಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಎಂದು ಮುಳ್ಳು ತೋರಿಸುತ್ತದೆ. ಮೇಲೆ ಬಿಸಿಲು ಬಿಟ್ಟರೆ ಮುಳ್ಳು ಸರಸರ ಇಳಿಯುತ್ತದೆ, ಎಲೆ ತಿನ್ನುತ್ತಿದೆ ಎಂದರ್ಥ. ಕಪ್ಪು ಬಟ್ಟೆ ಹೊದಿಸಿದರೆ ಅದೇ ಮುಳ್ಳು ಮೆಲ್ಲಗೆ ಏರುತ್ತದೆ. ಕತ್ತಲಲ್ಲಿ ಅದೂ ನಮ್ಮ ಹಾಗೆಯೇ ಅಪ್ಪಾ, ಆಮ್ಲಜನಕ ಒಳಗೆ, ಇಂಗಾಲದ ಗಾಳಿ ಹೊರಗೆ. ಬೆಳಕಿದ್ದಾಗ ಮಾತ್ರ ಆ ಉಸಿರಿನ ಜೊತೆಗೆ ಊಟವೂ ನಡೆಯುತ್ತದೆ, ಊಟ ಉಸಿರಿಗಿಂತ ಎಷ್ಟೋ ಪಟ್ಟು ಹೆಚ್ಚು.

ಇದನ್ನು ನೋಡಿ ಖುಷಿಗೆ ನಾನು "ಅಯ್ಯಯ್ಯೋ, ನೋಡ್ರೇ ಇಲ್ಲಿ!" ಎಂದು ಕೂಗಿಬಿಟ್ಟೆ. ತಕ್ಷಣ ಮುಳ್ಳು ಹುಚ್ಚೆದ್ದು ಮೇಲಕ್ಕೆ ಹಾರಿತು. ನನ್ನ ಬಾಯಿಂದ ಹೋದ ಗಾಳಿ! ಈಗ ನಾವೆಲ್ಲ ಮೂಗು ಬಾಯಿಗೆ ರಬ್ಬರ್ ಕೊಳವೆ ಕಟ್ಟಿಕೊಂಡು, ಅದರ ತುದಿಯನ್ನು ಕಿಟಕಿಯಾಚೆ ಬಿಟ್ಟು ಕೆಲಸ ಮಾಡುತ್ತೇವೆ. ನೀನು ನೋಡಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ.

ಎಲೆಯ ಕೆಳಬದಿಯಲ್ಲಿ ಬಾಯಿಗಳಿವೆ, ನಿನ್ನ ಹೆಬ್ಬೆರಳ ಉಗುರಿನಷ್ಟು ಜಾಗದಲ್ಲೇ ಹತ್ತಾರು ಸಾವಿರ. ನಮ್ಮ ಎದೆಯಲ್ಲಿರುವುದು ಗುಳ್ಳೆಗಳು. ಅವನ್ನೆಲ್ಲ ಬಿಡಿಸಿ ಹಾಸಿದರೆ ನಮ್ಮ ಬೇಸಿಗೆ ಗುಡಾರಕ್ಕೆ ಹೊದಿಸುವ ಕಂಬಳಿಯಷ್ಟು ಅಗಲವಾಗುತ್ತದೆ. ಈರುಳ್ಳಿಯ ಒಳಪೊರೆಗಿಂತ ತೆಳು. ಅದರ ಒಂದು ಪಕ್ಕ ಗಾಳಿ, ಇನ್ನೊಂದು ಪಕ್ಕ ರಕ್ತ, ಮಧ್ಯೆ ಕೊಟ್ಟು ತೆಗೆದುಕೊಳ್ಳುವ ವ್ಯವಹಾರ. ಗಾಳಿ ತೆಳುವಾದಷ್ಟೂ ಆ ವ್ಯವಹಾರ ಕಷ್ಟವಾಗುತ್ತದೆ. ಇದಕ್ಕಿಂತ ಮುಂದೆ ಬರೆದರೆ ನೀನು ಕಾಗದ ಹರಿದುಹಾಕುತ್ತೀ.

ತುಟಿಯ ಬಣ್ಣ ಹೇಗಿದೆ? ಅಮ್ಮನನ್ನು ಕೇಳಿ ಬರೆ, ನೀನೇ ಬರೆಯಬೇಡ.

ಪ್ರೀತಿಯಿಂದ,
ಜಿಪಾರ್


ಜಿಲೂ-ಬುಲಾಕ್
೨೭ ಡಿಸೆಂಬರ್ ೧೯೭೮

ಜಿಪಾರ್,

ನನ್ನ ತುಟಿ ಮೀಸೆಯ ಕೆಳಗೆ ಇದೆ, ಆರಾಮಾಗಿದೆ. ಬಳ್ಳಿಯ ವಿಷಯ ಹೇಳುತ್ತೇನೆ ಕೇಳು.

ಮೂವತ್ತು ಬೀಜ ಹಾಕಿದೆ, ಮೂವತ್ತೂ ಎದ್ದವು. ಎರಡೆಲೆ, ಮೂರೆಲೆ, ನಾಲ್ಕೆಲೆ. ನಿನ್ನ ಅಮ್ಮ ಬಾಗಿಲ ಬಳಿ ನಿಂತು ಕೇಳಿ ಕೇಳಿ ಹಿಗ್ಗಿದಳು. ಆಮೇಲೆ ನಿಂತುಬಿಟ್ಟವು. ಹದಿನಾಲ್ಕು ದಿನದಿಂದ ದಾರ ಹಿಡಿದು ಅಳೆಯುತ್ತಿದ್ದೇನೆ, ಒಂದು ಬೆರಳು ಉದ್ದವಾಗಿಲ್ಲ! ಬಿಸಿಲಿಗೆ ಕೊರತೆಯೇ ಇಲ್ಲ, ಮೋಡ ಎಂಬುದನ್ನೇ ನಾನು ಕಂಡಿಲ್ಲ. ನೀರಿದೆ, ಬೆಚ್ಚಗಿದೆ, ಪುಡಿ ಹಾಕಿದ್ದೇನೆ. ಇನ್ನೇನು ಬೇಕಂತೆ ಇವಕ್ಕೆ, ಕೊಮುಜ್ ಬಾರಿಸಿ ಲಾಲಿ ಹಾಡಬೇಕೇ?

ಒಂದು ವಿಚಿತ್ರ ಇದೆ. ಬಾಗಿಲ ಹತ್ತಿರದ ಒಂದು ಬಳ್ಳಿ ಮಾತ್ರ ಉಳಿದವುಗಳ ಎರಡರಷ್ಟು ಎತ್ತರವಾಗಿದೆ. ಅದಕ್ಕೆ ಶಾಖ ಎಲ್ಲಕ್ಕಿಂತ ಕಡಿಮೆ. ನಾನು ನೀರಿನ ಬಕೆಟ್ ತಂದು ಇಟ್ಟು, ಸ್ವಲ್ಪ ಏದುಸಿರು ಬರುತ್ತದಲ್ಲ, ಅದು ತಗ್ಗುವವರೆಗೆ ಕೂರುವುದು ಅಲ್ಲೇ. ಶಾಖ ಕಡಿಮೆ ಬೇಕೇನೋ ಎಂದು ಒಂದು ಕೊಳವೆ ಮುಚ್ಚಿ ನೋಡಿದೆ. ಎರಡು ಬಳ್ಳಿ ಸತ್ತವು. ಮತ್ತೆ ತೆರೆದೆ.

ನಿನ್ನ ಅಮ್ಮನಿಗೆ ಕಾರಣ ಗೊತ್ತಾಗಿಬಿಟ್ಟಿದೆ: "ಉಲ್ಕಾನ್ ಗಾಜಿಗೆ ಮೂಗು ಒತ್ತಿದ್ಲಲ್ಲ, ಅದಕ್ಕೇ." ಈಗ ಗಾಜಿನ ಕೆಳಸಾಲಿಗೆ ಒಳಗಿನಿಂದ ಸುಣ್ಣ ಬಳಿಸಿದ್ದಾಳೆ, ಬಾಗಿಲಿಗೆ ಇನ್ನೊಂದು ಕಂಬಳಿ. ನನ್ನನ್ನೂ ದಿನಕ್ಕೆ ಒಂದೇ ಸಲ ಒಳಗೆ ಬಿಡುತ್ತಾಳೆ.

ಎಲೆಯ ಬಾಯಿಯ ತನಕ ಓದಿದವಳು ನೀನು. ಪಂದ್ಯ ಪಂದ್ಯವೇ, ಆದರೆ ಇದು ಗಿಡದ ಪ್ರಶ್ನೆ, ಅಪ್ಪನಾಗಿ ಕೇಳುತ್ತಿದ್ದೇನೆ. ಯಾಕೆ ನಿಂತವು? ಬೇಗ ಬರೆ.

ಸತಾರ್‌ಕುಲ್


ಓಷ್
೮ ಜನವರಿ ೧೯೭೯

ಅಪ್ಪಾ,

ಪತ್ರ ಬಂತು. ಇಲ್ಲಿ ಪರೀಕ್ಷೆಗಳ ಗಡಿಬಿಡಿ. ಸಂತೆಯಲ್ಲಿ ಸೇಬು ಚೆನ್ನಾಗಿ ಬಂದಿದೆ. ಹೊಳೆಯ ಪಕ್ಕ ಒಂದು ಮನೆ ಖಾಲಿಯಿದೆ, ಎರಡು ಕೋಣೆ, ಅಂಗಳದಲ್ಲಿ ಏಪ್ರಿಕಾಟ್ ಮರ. ಸುಮ್ಮನೆ ಬರೆದೆ.

ನೀರು ಹೆಚ್ಚು ಹಾಕಬೇಡ. ಗಿಡದ ವಿಷಯ ಇನ್ನೊಮ್ಮೆ ಬರೆಯುತ್ತೇನೆ. ಬಕೆಟ್ ತುಂಬಾ ತುಂಬಿಸಿ ಹೊರಬೇಡ, ಅರ್ಧ ಸಾಕು.

ಜಿಪಾರ್


ಜಿಲೂ-ಬುಲಾಕ್
೧೯ ಜನವರಿ ೧೯೭೯

ಕಂದಾ ಜಿಪಾರ್,

ನಿನ್ನ ಅಪ್ಪನಿಗೆ ಗೊತ್ತಿಲ್ಲದೆ ಬರೆಯುತ್ತಿದ್ದೇನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ನಗಬೇಡ.

ಗುರುವಾರ ಗುರುವಾರ ಅಂಚೆಯ ಲಾರಿ ಬರುವ ಹೊತ್ತಿಗೆ ಅವನು ಎರಡು ತಾಸು ಮೊದಲೇ ರಸ್ತೆಯಲ್ಲಿ ನಿಂತಿರುತ್ತಾನೆ. ಎಷೆನ್‌ಕುಲ್ ಕೆಣಕಿದರೆ, "ನನ್ ಮಗಳು ಎಲೆ ಉಸ್ರಾಡೋದ್ನ ಕಣ್ಣಲ್ಲಿ ನೋಡಿರೋಳು ಕಣಯ್ಯಾ, ಅವ್ಳು ಬರೀತಾಳೆ, ನೋಡ್ತಿರು" ಅನ್ನುತ್ತಾನೆ. ನಿನ್ನೆ ನಿನ್ನ ಪತ್ರ ಬಂತು. ಅಲ್ಲೇ ಎಲ್ಲರೆದುರು ಒಡೆದ. ಓದಿ ಮಡಚಿ ಜೇಬಿಗಿಟ್ಟುಕೊಂಡು, "ಪರೀಕ್ಷೆಯಂತೆ, ಪುರುಸೊತ್ತಿಲ್ಲ ಹುಡ್ಗಿಗೆ" ಅಂದ. ಮನೆಗೆ ಬಂದು ಚಹಾ ಕುಡಿಯಲಿಲ್ಲ.

ನನಗೆ ಇಳಿದು ಬರುವ ಆಸೆ ಇಲ್ಲವೆಂದಲ್ಲ, ಇದೆ. ಬೆಳಿಗ್ಗೆ ಎದ್ದಾಗ ಅವನ ಮುಖ ಊದಿರುತ್ತದೆ, ತುಟಿ ಬೀಟ್‌ರೂಟಿನ ಹಾಗೆ ಆಗಿದೆ, ಬೂಟಿನ ದಾರ ಕಟ್ಟುವಷ್ಟರಲ್ಲಿ ಮೂರು ಸಲ ನಿಲ್ಲಿಸುತ್ತಾನೆ. ನನಗೆ ಹೆದರಿಕೆಯಾಗುತ್ತದೆ. ಆದರೆ ಕೇಳು. ಅವನು ನಿನ್ನನ್ನು ನಂಬಿ ರಸ್ತೆಯಲ್ಲಿ ನಿಲ್ಲುತ್ತಾನೆ. ನಿನಗೆ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಬರೆ. ಗೊತ್ತಿದ್ದೂ ಬರೆಯದಿದ್ದರೆ ಅದು ನನ್ನ ಮಗಳ ಬುದ್ಧಿ ಅಲ್ಲ.

ನಿನ್ನ ಅಮ್ಮ,
ಕಲೀಮಾ


ತಂತಿ. ಓಷ್, ೨೯ ಜನವರಿ ೧೯೭೯

ಬಾಗಿಲು ಮುಚ್ಚಿರಲಿ. ದಿನಾ ಬೆಳಿಗ್ಗೆ ಹತ್ತು ಗಂಟೆಯಿಂದ ಎಂಟು ಜನರನ್ನು ಒಳಗೆ ಕೂರಿಸು. ಬಾಯಿ ಮುಚ್ಚದವರಾದರೆ ಒಳ್ಳೆಯದು. ಉಲ್ಕಾನ್ ಅತ್ತೆ ಖಂಡಿತ ಬೇಕು. ಪತ್ರ ಬರುತ್ತಿದೆ. ಜಿಪಾರ್


ಓಷ್
೨೯ ಜನವರಿ ೧೯೭೯

ಅಪ್ಪಾ,

ತಂತಿ ನೋಡಿ ನನಗೆ ತಲೆ ಕೆಟ್ಟಿದೆ ಅಂದುಕೊಂಡಿರುತ್ತೀರಿ ಎಲ್ಲರೂ. ಕೆಟ್ಟಿಲ್ಲ. ಮೊದಲು ತಪ್ಪು ಒಪ್ಪಿಕೊಳ್ಳುತ್ತೇನೆ, ಆಮೇಲೆ ಗಿಡ.

ನಿನ್ನ ಡಿಸೆಂಬರ್ ಪತ್ರ ಓದಿ ಮುಗಿಸುವ ಮೊದಲೇ ನನಗೆ ಉತ್ತರ ಗೊತ್ತಾಗಿತ್ತು. ಬಾಗಿಲ ಬಳಿಯ ಬಳ್ಳಿ ಎಂದು ಬರೆದೆಯಲ್ಲ, ಅಲ್ಲಿಗೇ ಗೊತ್ತಾಯಿತು. ನಾನು ಬೇಕೆಂದೇ ಬರೆಯಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಮಾರ್ಚಿನಲ್ಲಿ ನೀನು ಸೋಲುತ್ತೀ, ಇಳಿದು ಬರುತ್ತೀ, ಬದುಕುತ್ತೀ ಎಂದು ಲೆಕ್ಕ ಹಾಕಿದೆ. ಹೊಳೆಯ ಪಕ್ಕದ ಮನೆಯನ್ನು ಹೋಗಿ ನೋಡಿಯೂ ಬಂದೆ. ನೀನು ರಸ್ತೆಯಲ್ಲಿ ನಿಂತಿದ್ದೀ ಎಂದು ನನಗೆ ಗೊತ್ತಿರಲಿಲ್ಲ ಅಪ್ಪಾ. ಗೊತ್ತಾದ ಮೇಲೆ ಇಡೀ ದಿನ ಅತ್ತೆ.

ಈಗ ಗಿಡ. ಬಳ್ಳಿ ಮಣ್ಣು ತಿಂದು ಬೆಳೆಯುವುದಿಲ್ಲ, ಅದರ ಮೈಯ ಬಹುಪಾಲು ಗಾಳಿಯಿಂದ ಬರುತ್ತದೆ. ಗಾಳಿಯಲ್ಲಿ ಅದಕ್ಕೆ ಬೇಕಾದ ಇಂಗಾಲದ ಗಾಳಿ ಹತ್ತು ಸಾವಿರಕ್ಕೆ ಮೂರೇ ಪಾಲು. ನೀನು ಸೂಜಿ ತೂರದಂತೆ ಮುಚ್ಚಿದ್ದೀ. ಕತ್ತಲಲ್ಲಿ ಬಳ್ಳಿಗಳೇ ಬಿಟ್ಟ ಉಸಿರು ಒಳಗೆ ಸೇರಿರುತ್ತದೆ, ಬಿಸಿಲು ಬಿದ್ದ ಒಂದೆರಡು ತಾಸಿಗೆ ಅದನ್ನೂ ತಿಂದು ಮುಗಿಸುತ್ತವೆ. ಹತ್ತು ಗಂಟೆಯ ಮೇಲೆ ಸಂಜೆಯವರೆಗೆ ಅವು ಬಾಯಿಗಳನ್ನು ಇನ್ನಿಲ್ಲದಂತೆ ಅಗಲಿಸಿಕೊಂಡು ಹಸಿದು ಕೂತಿರುತ್ತವೆ. ಹೊಲಗಳಲ್ಲಿ ಹೀಗಾಗುವುದಿಲ್ಲ, ಗಾಳಿ ಬೀಸುತ್ತಿರುತ್ತದೆ, ಮಣ್ಣಿನ ಗೊಬ್ಬರ ಕೊಳೆತು ಉಸಿರು ಬಿಡುತ್ತಿರುತ್ತದೆ. ನಿನ್ನಲ್ಲಿ ಸೆಗಣಿ ಒಲೆಗೆ ಹೋಯಿತು. ಒಲೆ ಹೊರಗಿದೆ. ಬಾಗಿಲು ತೆರೆಯೋಣವೆಂದರೆ ಚಳಿಗೆ ಒಂದೇ ನಿಮಿಷದಲ್ಲಿ ಸಾಯುತ್ತವೆ. ಉಳಿದಿದ್ದದ್ದು ಮನುಷ್ಯರು, ಅವರನ್ನು ಅಮ್ಮ ಓಡಿಸಿದಳು!

ನಾವು ಬಿಡುವ ಉಸಿರಿನಲ್ಲಿ ಇಂಗಾಲದ ಗಾಳಿ ನೂರಕ್ಕೆ ನಾಲ್ಕು ಪಾಲು ಇರುತ್ತದೆ, ಹೊರಗಿನದಕ್ಕಿಂತ ನೂರು ಪಟ್ಟಿಗೂ ಹೆಚ್ಚು. ನೀನು ಏದುಸಿರು ಬಿಡುತ್ತಾ ಕೂತ ಕಡೆಯ ಬಳ್ಳಿ ಯಾಕೆ ಎತ್ತರವಾಯಿತು, ಈಗ ಹೇಳು! ಅದಕ್ಕೆ ನೀನು ಊಟ ಹಾಕುತ್ತಿದ್ದೆ. ಬಾಗಿಲ ಸಂದಿಯಿಂದ ಅಷ್ಟಿಷ್ಟು ಹೊಸ ಗಾಳಿಯೂ ಸಿಕ್ಕಿತು.

ಆದ್ದರಿಂದ ಜನ ಕೂರಲಿ. ಹತ್ತರಿಂದ ಎರಡರವರೆಗೆ ಎಂಟು ಜನ ಸಾಕು. ಮಾತಾಡಿದರೆ ಸುಮ್ಮನೆ ಕೂತದ್ದಕ್ಕಿಂತ ತುಸು ಹೆಚ್ಚು, ಕುಣಿದರೆ ಬಹಳ ಹೆಚ್ಚು. ಕುರಿ ತರಬೇಡ, ಉಸಿರು ಬಿಡುವ ಮೊದಲು ಬಳ್ಳಿ ತಿನ್ನುತ್ತವೆ. ಅಮ್ಮಾ, ನೀನೂ ಕೇಳು: ಕಣ್ಣು ಏನು ಮಾಡುತ್ತದೋ ನಾನು ಅಳೆದಿಲ್ಲ. ಉಸಿರನ್ನು ಅಳೆದಿದ್ದೇನೆ.

ಗೆಲ್ಲು ಅಪ್ಪಾ.

ಜಿಪಾರ್


ಜಿಲೂ-ಬುಲಾಕ್
೧೧ ಫೆಬ್ರವರಿ ೧೯೭೯

ಜಿಪಾರ್,

ಎಲೇ ಕಳ್ಳಿ! ಮೂರು ವಾರ ಹೆತ್ತಪ್ಪನನ್ನು ರಸ್ತೆಯಲ್ಲಿ ಒಣಗಿಸಿದೆಯಲ್ಲ! ನಿನ್ನ ಪತ್ರ ಮೊನ್ನೆ ಕೈಗೆ ಬಂತು, ಓದಿ ಅದನ್ನು ನೆಲಕ್ಕೆ ಬಿಸಾಡಿದೆ, ತುಳಿದೆ, ನಿನ್ನ ಅಮ್ಮ ಎತ್ತಿಕೊಂಡು ಒರೆಸಿದಳು. ಈ ವಿಷಯ ಮುಖಾಮುಖಿ ಸಿಕ್ಕಾಗ ಮಾತಾಡುತ್ತೇನೆ. ಈಗ ಸಿಟ್ಟು ಮಾಡಲು ಪುರುಸೊತ್ತಿಲ್ಲ. ಬಳ್ಳಿ ಓಡುತ್ತಿವೆ ಮಗಳೇ, ಓಡುತ್ತಿವೆ!

ತಂತಿ ಬಂದ ದಿನದ ಕಥೆ ಕೇಳು. ಎಷೆನ್‌ಕುಲ್ ಮುರ್ಗಾಬಿನಿಂದ ತಂದವನು ದಾರಿಯಲ್ಲೇ ಓದಿಕೊಂಡು, ಊರಿಗೆಲ್ಲ ಹೇಳಿ, ಕೊನೆಗೆ ನನಗೆ ಕೊಟ್ಟ. ನಿನ್ನ ಅಮ್ಮ ಬಾಗಿಲಿಗೆ ಅಡ್ಡ ನಿಂತಳು: "ಬೇರೆ ಯಾರಾದ್ರೂ ಬರ್ಲಿ, ಆ ಉಲ್ಕಾನ್ ಮಾತ್ರ ಬೇಡ. ನನ್ ಹೆಣದ್ ಮೇಲೇ ಅವ್ಳು ಒಳಗ್ ಹೋಗ್ಬೇಕು." ಉಲ್ಕಾನ್ ಅಷ್ಟರಲ್ಲಿ ಹಬ್ಬದ ಬಿಳಿ ರುಮಾಲು ಸುತ್ತಿಕೊಂಡು, ಒಂದು ಬುಟ್ಟಿ ಒಣಮೊಸರಿನ ಉಂಡೆ ಹಿಡಿದು ಬಂದಾಗಿತ್ತು. "ಏನೇ ಕಲೀಮಾ, ಓಷ್‌ನಿಂದ ಸರ್ಕಾರಿ ತಂತೀಲಿ ನನ್ ಹೆಸ್ರು ಬಂದಿದೆ. ನಿನ್ ಹೆಸ್ರು ಬಂದಿದ್ಯಾ? ಸರಿ ಆ ಕಡೆ." ನಿನ್ನ ಅಮ್ಮ ಪಕ್ಕಕ್ಕೆ ಸರಿದಳು. ಅವಳು ಯಾರಿಗಾದರೂ ದಾರಿ ಬಿಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು.

ಉಲ್ಕಾನ್ ಹತ್ತಕ್ಕೆ ಕೂತವಳು ಎರಡಕ್ಕೆ ಎದ್ದಳು. ನಾಲ್ಕು ತಾಸು ಬಾಯಿಗೆ ಬಿಡುವಿಲ್ಲ. ತನ್ನ ಮದುವೆ, ತಂಗಿಯ ಮದುವೆ, ಐವತ್ತರ ಹಿಮಪಾತ, ಸೊಸೆ ಹಿಟ್ಟು ನಾದುವ ರೀತಿ, ಎಲ್ಲ ಆಯಿತು. ಮರುದಿನ ಸೊಸೆಯೂ ಬಂದಳು, ಪ್ರತಿ ಮಾತಿಗೂ ಎದುರು ಮಾತು ಕೊಟ್ಟಳು, ಗಾಳಿ ಎರಡು ಪಟ್ಟಾಯಿತು! ಈಗ ಊರಿನಲ್ಲಿ ಸರದಿ ಹಚ್ಚಿದ್ದೇವೆ. ಹೆಂಗಸರು ಉಣ್ಣೆ ನೂಲುತ್ತಾರೆ, ಗಂಡಸರು ಇಸ್ಪೀಟು ಆಡುತ್ತಾರೆ, ಶಾಲೆಯ ಹುಡುಗಿಯರು ಕುಣಿಯುತ್ತಾರೆ. ಹನ್ನೊಂದು ದಿನದಲ್ಲಿ ಬಳ್ಳಿ ನನ್ನ ಸೊಂಟ ಮುಟ್ಟಿತು. ನಿನ್ನೆ ಒಂದು ಹೂ, ಇವತ್ತು ಆರು. ನಿನ್ನ ಅಮ್ಮ ತಾನಾಗಿ ಹೋಗಿ ಉಲ್ಕಾನ್‌ಗೆ ಚಹಾ ಬಗ್ಗಿಸಿ ಕೊಟ್ಟು, "ಕುಡಿ, ಗಂಟ್ಲು ಒಣಗುತ್ತೆ, ಆಮೇಲೆ ಮಾತು ನಿಂತೋಗುತ್ತೆ" ಅಂದಳು.

ಯಾರು ಹೆಚ್ಚು ಉಸಿರು ಕೊಡುತ್ತಾರೆ ಎಂದು ನಮ್ಮ ನರ್ಸ್ ರೌಜಾ ಗಡಿಯಾರ ಹಿಡಿದು ಎಣಿಸಿದಳು. ನಿಮಿಷಕ್ಕೆ ಉಲ್ಕಾನ್ ಹದಿನೇಳು. ಎಷೆನ್‌ಕುಲ್ ಹದಿನಾರು. ನಿನ್ನ ಅಮ್ಮ ಹದಿನೈದು. ನಾನು ಮೂವತ್ತೊಂದು! ಇಬ್ಬರ ಕೆಲಸ ಒಬ್ಬನೇ ಮಾಡುತ್ತಿದ್ದೇನೆ. ಎಲ್ಲರೂ ಚಪ್ಪಾಳೆ ತಟ್ಟಿದರು. ರೌಜಾ ಯಾಕೋ ತಟ್ಟಲಿಲ್ಲ.

ಇನ್ನೊಂದು ಮಾತು. ಆ ಎಲೆಗಳ ನಡುವೆ ಕೂತರೆ ನನಗೆ ಉಸಿರು ಹಗುರವಾಗಿ ಬರುತ್ತದೆ. ಅವು ಆಮ್ಲಜನಕ ಬಿಡುತ್ತವಲ್ಲ. ನೋಡು, ಮದ್ದು ಇಲ್ಲೇ ಬೆಳೆದೆ, ಓಷ್ ಯಾತಕ್ಕೆ?

ಸಿಟ್ಟು ಇನ್ನೂ ಇರುವ ಅಪ್ಪ,
ಸತಾರ್‌ಕುಲ್


ಓಷ್
೨೦ ಫೆಬ್ರವರಿ ೧೯೭೯

ಅಪ್ಪಾ,

ಬಯ್ಯಿ, ಎಷ್ಟು ಬೇಕಾದರೂ ಬಯ್ಯಿ, ಆರು ಹೂ ಅಂದರೆ ಆರು ಹೂ! ಪ್ರಯೋಗಾಲಯದಲ್ಲಿ ನಿನ್ನ ಪತ್ರ ಗಟ್ಟಿಯಾಗಿ ಓದಿದೆ. ಉಲ್ಕಾನ್ ಅತ್ತೆಗೆ ಎಲ್ಲರೂ ಸಲಾಮು ಕಳಿಸಿದ್ದಾರೆ.

ಒಮ್ಮೆ ಮುಚ್ಚಿಟ್ಟು ಪಾಠ ಕಲಿತಿದ್ದೇನೆ, ಆದ್ದರಿಂದ ಉಳಿದದ್ದನ್ನೂ ಹೇಳಿಬಿಡುತ್ತೇನೆ. ನಿನ್ನ ಬಳ್ಳಿಗಳು ಹಗಲೆಲ್ಲ ದುಡಿದು ಬಿಡುವ ಆಮ್ಲಜನಕ, ಒಳಗೆ ಕೂತ ಎಂಟು ಜನ ಬಳಸುವುದಕ್ಕಿಂತ ಕಡಿಮೆ. ಅದು ಮದ್ದಲ್ಲ. ಬೆಚ್ಚಗೆ ಕೂತು ನಗುತ್ತಿರುವುದರಿಂದ ನಿನಗೆ ಹಗುರ ಅನ್ನಿಸುತ್ತಿದೆ.

ಮೂವತ್ತೊಂದಕ್ಕೂ ಬಹುಮಾನವಿಲ್ಲ. ಎಷ್ಟು ಸಲ ಉಸಿರು ಬಿಟ್ಟೆ ಎಂಬುದರಿಂದ ಬಳ್ಳಿಯ ಊಟ ಹೆಚ್ಚುವುದಿಲ್ಲ, ಮೈಯೊಳಗೆ ಎಷ್ಟು ಉರಿಯಿತು ಎಂಬುದರಿಂದ ಹೆಚ್ಚುತ್ತದೆ. ನಿನ್ನ ಭಾಷೆಯಲ್ಲಿ ಹೇಳುತ್ತೇನೆ. ರಕ್ತದ ಕೆಂಪು ಕಣಗಳು ಲಾರಿಗಳು. ಎದೆಯಲ್ಲಿ ಆಮ್ಲಜನಕ ತುಂಬಿಕೊಂಡು ಮೈಗೆಲ್ಲ ಹಂಚುತ್ತವೆ, ವಾಪಸು ಬರುವಾಗ ಇಂಗಾಲದ ಗಾಳಿ ಹೊತ್ತು ತರುತ್ತವೆ. ಮೇಲೆ ಗಾಳಿ ತೆಳು, ಲಾರಿಗಳು ಪೂರ್ತಿ ತುಂಬುವುದಿಲ್ಲ. ಸರಕು ಸಾಲದೆಂದು ಮೈ ಏನು ಮಾಡುತ್ತದೆ? ಇನ್ನಷ್ಟು ಲಾರಿ ಬಿಡುತ್ತದೆ, ಮತ್ತಷ್ಟು ಬಿಡುತ್ತದೆ. ಈಗ ನಿನ್ನ ರಸ್ತೆಯಲ್ಲಿ ಲಾರಿಗೆ ಲಾರಿ ತಾಗಿ ನಿಂತಿವೆ. ಆ ಸಾಲನ್ನು ದೂಡುತ್ತಾ ಹೃದಯ ಸೋಲುತ್ತಿದೆ. ಅಮ್ಮನಿಗೆ ಹೀಗಾಗಿಲ್ಲ, ಉಲ್ಕಾನ್ ಅತ್ತೆಗೂ ಆಗಿಲ್ಲ. ಅಲ್ಲೇ ಹುಟ್ಟಿದವರಲ್ಲೂ ಕೆಲವರಿಗೆ ಆಗುತ್ತದೆ, ಅದು ಯಾರ ತಪ್ಪೂ ಅಲ್ಲ.

ಬಾ ಎಂದು ನಾನು ಬರೆಯುವುದಿಲ್ಲ. ಪಂದ್ಯ ಪಂದ್ಯವೇ. ನೀನು ಗೆದ್ದರೆ ಉಸಿರೆತ್ತುವುದಿಲ್ಲ ಎಂದು ಸಹಿ ಮಾಡಿದ್ದೇನೆ, ಎತ್ತುವುದಿಲ್ಲ.

ಕಾಯಿ ಮೊದಲ ಸಲ ಬಿಟ್ಟಾಗ ತಂತಿ ಕೊಡು.

ಜಿಪಾರ್


ಜಿಲೂ-ಬುಲಾಕ್
೯ ಮಾರ್ಚ್ ೧೯೭೯

ಮಗಳೇ,

ಇಪ್ಪತ್ತಮೂರು ಹೆಂಗಸರು, ಇಪ್ಪತ್ತಾರು ಕಾಯಿ! ಮೂರು ಮಿಕ್ಕವು! ನಾನು ಗೆದ್ದೆ!

ನಿನ್ನೆ ಹನ್ನೊಂದಕ್ಕೆ ಇಡೀ ಊರು ಗಾಜಿನ ಮನೆಯೊಳಗೆ ತುಂಬಿತ್ತು. ಮೇಲೆ ಬಳ್ಳಿ, ಕೆಳಗೆ ಜನ. ಒಬ್ಬೊಬ್ಬಳನ್ನೂ ಹೆಸರು ಹಿಡಿದು ಕರೆದು ಕೈಗಿಟ್ಟೆ. ಉಲ್ಕಾನ್ ತನ್ನದನ್ನು ಕೆನ್ನೆಗೆ ಒತ್ತಿಕೊಂಡು, "ನನ್ ಮಾತಿಗೆ ಇಷ್ಟು ವರ್ಷದಲ್ಲಿ ಯಾರೂ ಏನೂ ಕೊಟ್ಟಿರ್ಲಿಲ್ಲ ಕಣೋ ಸತಾರ್‌ಕುಲ್" ಎಂದು ಅತ್ತೇಬಿಟ್ಟಳು. ನಿನ್ನ ಅಮ್ಮ ಹಲ್ಲು ಹಚ್ಚಿದಾಗ ಕರುಂ ಎಂದ ಸದ್ದು ಎಲ್ಲರಿಗೂ ಕೇಳಿಸಿತು. ಎಷೆನ್‌ಕುಲ್ ಟೋಪಿ ತೆಗೆದು ನನಗೆ ಬಾಗಿದ. ಅವನಿಗೂ ಅರ್ಧ ಕೊಟ್ಟೆ, ಬದುಕಿಕೊಳ್ಳಲಿ.

ಆಮೇಲಿನದನ್ನೂ ಬರೆಯುತ್ತೇನೆ. ನನಗೆ ಭಾಷಣ ಮಾಡುವ ಆಸೆ ಇತ್ತು. ಚಳಿಗಾಲವೆಲ್ಲ ಮನಸ್ಸಿನಲ್ಲೇ ಮಾಡಿಕೊಂಡು ಬಂದದ್ದು, ಕುರ್ಚಿಯ ಮೇಲೆ ಹತ್ತಿ ನಿಂತೆ. "ಅಕ್ಕತಂಗೀರೇ, ಕೇಳಿ" ಅಂದೆ. ಎರಡನೆಯ ಮಾತು ಹೊರಟಿತು. ಮೂರನೆಯದಕ್ಕೆ ಉಸಿರೇ ಇಲ್ಲ. ಬಾಯಿ ತೆರೆದೇ ಇದೆ, ಗಾಳಿ ಬರುತ್ತಿಲ್ಲ, ಕಣ್ಣಿಗೆ ಕತ್ತಲೆ. ಜನ ನಗುತ್ತಾರೆ ಅಂದುಕೊಂಡೆ. ಒಬ್ಬರೂ ನಗಲಿಲ್ಲ ಜಿಪಾರ್. ಎಲ್ಲರೂ ತಲೆ ತಗ್ಗಿಸಿ ತಮ್ಮ ತಮ್ಮ ಸೌತೆಕಾಯಿ ನೋಡುತ್ತಾ ಕಾದರು. ಎಷೆನ್‌ಕುಲ್ ಕೂಡ ನಗಲಿಲ್ಲ. ಅವನು ನಗದೆ ನಿಂತದ್ದನ್ನು ನೋಡಿ ನನಗೆ ಮೊದಲ ಬಾರಿಗೆ ಭಯವಾಯಿತು. ನಿನ್ನ ಅಮ್ಮ ಕೈ ಹಿಡಿದು ಇಳಿಸಿದಳು.

ಸಂಜೆ ಪಂದ್ಯದ ಕಾಗದ ತೆಗೆದು ಒಲೆಗೆ ಹಾಕಿದೆ. ನೀನು ಸುಮ್ಮನಿದ್ದಿದ್ದರೆ ನಾನು ಸೋತು, ಹಲ್ಲು ಕಚ್ಚಿಕೊಂಡು ಬಂದು, ಆ ಹೊಳೆಯ ಪಕ್ಕದ ಮನೆಯಲ್ಲಿ ಗೋಡೆ ನೋಡುತ್ತಾ ಕೂರುತ್ತಿದ್ದೆ, ನಿನ್ನ ಜೊತೆ ಮಾತೂ ಆಡುತ್ತಿರಲಿಲ್ಲ. ನೀನು ಕೈಯಲ್ಲಿದ್ದ ಆಟವನ್ನು ಬಿಟ್ಟುಕೊಟ್ಟೆ. ಬಿಟ್ಟುಕೊಟ್ಟರೆ ಅಪ್ಪ ಸಾಯಬಹುದು ಎಂದು ಗೊತ್ತಿದ್ದೂ ಕೊಟ್ಟೆ. ಅಂಥವಳು ಲಾರಿಗಳ ಲೆಕ್ಕ ಹೇಳಿದರೆ ನಾನು ನಂಬಬೇಕೋ ಬೇಡವೋ?

ಗೆದ್ದವನು ಎಲ್ಲಿ ಬೇಕಾದರೂ ಇರಬಹುದು. ನಾವು ಇಪ್ಪತ್ತನೆಯ ತಾರೀಖು ಎಷೆನ್‌ಕುಲ್‌ನ ಲಾರಿಯಲ್ಲಿ ಹೊರಡುತ್ತಿದ್ದೇವೆ. ಗಾಜಿನ ಮನೆಯ ಬೀಗದ ಕೈ ಉಲ್ಕಾನ್‌ಗೆ ಕೊಟ್ಟಾಯಿತು, ನಿನ್ನ ಅಮ್ಮನೇ ಕೊಟ್ಟಳು. ಆ ಮನೆ ಇನ್ನೂ ಖಾಲಿ ಇದೆಯೇ ನೋಡು.

ಅಪ್ಪ


ಗುಲ್ಚಾ
೨೨ ಮಾರ್ಚ್ ೧೯೭೯

ಜಿಪಾರ್, ಜಿಪಾರ್!

ಈ ಕಾಗದ ನಿನಗೆ ಮುಟ್ಟುವ ಮೊದಲು ನಾನೇ ಮುಟ್ಟುತ್ತೇನೆ, ಸಂಜೆಗೆ ಓಷ್. ಆದರೂ ಬರೆಯದೆ ಇರಲಾರೆ. ಚಹಾದಂಗಡಿಯಲ್ಲಿ ಕೂತಿದ್ದೇವೆ, ಎಷೆನ್‌ಕುಲ್ ಟೈರು ಬದಲಿಸುತ್ತಿದ್ದಾನೆ.

ಮೊದಲು ಮೇಲಿನ ಕಣಿವೆದಾರಿ ಹತ್ತಬೇಕಿತ್ತಲ್ಲ, ಅಲ್ಲಿ ನಾನು ಹೋಗಿಯೇಬಿಟ್ಟೆ ಅಂದುಕೊಂಡೆ. ರೌಜಾ ಕೊಟ್ಟ ಆಮ್ಲಜನಕದ ರಬ್ಬರ್ ದಿಂಬು ತಬ್ಬಿಕೊಂಡು ಕೂತಿದ್ದೆ, ನಿನ್ನ ಅಮ್ಮ ಕೊಳವೆಯನ್ನು ನನ್ನ ಮೂಗಿಗೆ ಹಿಡಿದು ಕೂತಿದ್ದಳು. ಆಮೇಲೆ ಇಳಿಜಾರು. ಸಾರಿ-ತಾಶ್ ಬಂದಾಗ ದಿಂಬು ಪಕ್ಕಕ್ಕಿಟ್ಟೆ. ಇನ್ನೂ ಇಳಿದೆವು, ಇಳಿದಂತೆಲ್ಲ ಎದೆಯ ಮೇಲೆ ಕೂತಿದ್ದ ಯಾರೋ ಒಬ್ಬೊಬ್ಬರೇ ಎದ್ದು ಹೋಗುತ್ತಿದ್ದಾರೆ ಅನ್ನಿಸಿತು. ಕಿಟಕಿ ಇಳಿಸಿದೆ. ಮಣ್ಣಿನ ವಾಸನೆ, ಹುಲ್ಲಿನ ವಾಸನೆ. ಲಾರಿಗಳು ತುಂಬುತ್ತಿವೆ ಮಗಳೇ, ನನಗೆ ಗೊತ್ತಾಗುತ್ತಿದೆ!

ಅಷ್ಟರಲ್ಲಿ ನಿನ್ನ ಅಮ್ಮ ದಾರಿ ತಪ್ಪಿದ್ದೇವೆ ಅಂದಳು. ಇಪ್ಪತ್ತಾರು ವರ್ಷ ಲಾರಿ ಓಡಿಸಿದವನಿಗೆ ದಾರಿ ಹೇಳಿಕೊಡುತ್ತಾಳೆ! ನಾನು ಶುರುಮಾಡಿದೆ. ದಾರಿಯಿಂದ ಹಿಡಿದು, ಗಾಜಿಗೆ ಸುಣ್ಣ ಬಳಿಸಿದ್ದು, ನನ್ನನ್ನು ದಿನಕ್ಕೆ ಒಂದೇ ಸಲ ಒಳಗೆ ಬಿಟ್ಟದ್ದು, ಏಳು ವರ್ಷದ ಹಿಂದೆ ನನ್ನ ಒಳ್ಳೆಯ ಬೂಟುಗಳನ್ನು ಅವಳ ತಮ್ಮನಿಗೆ ಕೊಟ್ಟದ್ದು, ಎಲ್ಲ ತೆಗೆದು ಝಾಡಿಸಿದೆ. ಗುಲ್ಚಾ ಸೇತುವೆಯವರೆಗೆ ನಿಲ್ಲಿಸಲೇ ಇಲ್ಲ. ಎಷೆನ್‌ಕುಲ್ ಬೆಪ್ಪಾಗಿ ನನ್ನನ್ನೇ ನೋಡುತ್ತಾ ಗುಂಡಿಗೆ ಇಳಿಸಿದ, ಟೈರು ಹೋದದ್ದು ಹಾಗೆ.

ಈಗ ತಿರುಗಿ ನೋಡಿದರೆ ನಿನ್ನ ಅಮ್ಮ ರುಮಾಲಿನ ತುದಿ ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಾಳೆ. ನೊಂದುಕೊಂಡಳೇನೋ ಎಂದು, "ಲೇ, ಬೂಟಿನ ವಿಷ್ಯ ಹೋಗ್ಲಿ ಬಿಡೇ" ಅಂದೆ. ಅವಳು ತಲೆಯಾಡಿಸಿದಳು. ವರ್ಷಗಳಿಂದ ನಾನು ಎದುರಾಡದೆ ಎಲ್ಲದಕ್ಕೂ ಹೂಂ ಅನ್ನುತ್ತಿದ್ದೆನಲ್ಲ, ವಯಸ್ಸಾಗಿ ಮೆತ್ತಗಾಗಿದ್ದೇನೆ ಎಂದುಕೊಂಡಿದ್ದಳಂತೆ. ಜಗಳಕ್ಕೆ ಉಸಿರು ಸಾಲುತ್ತಿರಲಿಲ್ಲ ಎಂದು ಇವತ್ತು ಗೊತ್ತಾಯಿತಂತೆ.

ನನ್ನ ಕೈ ಹಿಡಿದುಕೊಂಡು ಹೇಳಿದಳು: "ಬಯ್ಯೋ ಮಾರಾಯಾ, ಇನ್ನೊಂದ್ ಸ್ವಲ್ಪ ಬಯ್ಯಿ."

ಅಪ್ಪ